ಸಹಾಯ ಬೇಕು: ವಾಹನದ ಈಥರ್ನೆಟ್ ಜಾಲದಲ್ಲಿ ಗಡಿಯಾರ ಓಲಾಡುತ್ತಿದೆ
ಎಲ್ಲರಿಗೂ ನಮಸ್ಕಾರ. ವಾಹನದೊಳಗಿನ ಎರಡು ನಿಯಂತ್ರಣ ಘಟಕಗಳ ಗಡಿಯಾರಗಳನ್ನು ಜಾಲದ ಮೂಲಕ ಸಮಯ ಹೊಂದಿಸುವ ಲಿನಕ್ಸ್‌ಪಿಟಿಪಿ ತಂತ್ರಾಂಶದಿಂದ ಹೊಂದಿಸುತ್ತಿದ್ದೇನೆ. ಸ್ಲೇವ್ (ಮಾಸ್ಟರ್ ಘಟಕದ ಸಮಯವನ್ನು ಅನುಸರಿಸುವ ಘಟಕ) ಬದಿಯಲ್ಲಿ ಆ ತಂತ್ರಾಂಶದ ಜೊತೆಗೇ ಬರುವ ಆಟೋಮೋಟಿವ್ ಕಾನ್ಫಿಗರೇಶನ್ ಕಡತವಿದೆ: ಬಿಎಂಸಿಎ ನೂಪ್ (ಮಾಸ್ಟರ್ ಆರಿಸುವ ಕ್ರಮವಿಧಿ ನಿಷ್ಕ್ರಿಯ), ಮಾಸ್ಟರ್ ತನ್ನನ್ನು ಪರಿಚಯಿಸಿಕೊಳ್ಳುವ ಅನೌನ್ಸ್ ಸಂದೇಶಗಳಿಲ್ಲ, ಪಿ2ಪಿ (ನೆರೆಯ ಘಟಕಗಳ ನಡುವಿನ) ವಿಳಂಬ ಮಾಪನ. ಮಾಸ್ಟರ್ ಯಾವುದೆಂದು ಮೊದಲೇ ನಿಗದಿಯಾಗಿರುವ ಜಾಲಕ್ಕೆ ಇದೇ ಸರಿಯಾದ ಕ್ರಮ.

ಮಾಸ್ಟರ್ ಸಮಯ ತಿಳಿಸುವ ಸಿಂಕ್ ಸಂದೇಶ 125 ಮಿಲಿಸೆಕೆಂಡಿಗೊಮ್ಮೆ ಬರುತ್ತಿರುವಾಗ ಆಫ್‌ಸೆಟ್ (ಎರಡು ಗಡಿಯಾರಗಳ ವ್ಯತ್ಯಾಸ) ಸ್ಥಿರವಾಗಿರುತ್ತದೆ. ಅದು 30 ನ್ಯಾನೊಸೆಕೆಂಡಿನೊಳಗೆ ನೆಲೆಸಿದೊಡನೆ ಸ್ಲೇವ್ ಮಾಸ್ಟರ್‌ಗೆ ಸಿಗ್ನಲಿಂಗ್ (ಕೋರಿಕೆ) ಸಂದೇಶ ಕಳುಹಿಸಿ ಸಿಂಕ್ ಅವಧಿಯನ್ನು 1 ಸೆಕೆಂಡಿಗೆ ಏರಿಸಿಕೊಳ್ಳುತ್ತದೆ. ಅಲ್ಲಿಂದ ಓಲಾಟ ಶುರು. ಕ್ಯಾಮೆರಾ ಮತ್ತು ರೇಡಾರ್ ದತ್ತಾಂಶ ಒಂದೇ ಕ್ಷಣದ್ದೆಂದು ನಂಬಬೇಕಾದ ಕಡೆ ಇದನ್ನು ಹೀಗೇ ಬಿಡಲು ನನಗೆ ಮನಸ್ಸಿಲ್ಲ. ಜಾಲದ ಯಂತ್ರಾಂಶವೇ ಸಂದೇಶದ ಸಮಯ ಗುರುತಿಸುವ ಹಾರ್ಡ್‌ವೇರ್ ಟೈಮ್‌ಸ್ಟ್ಯಾಂಪ್ ಇರುವುದನ್ನು ಈಥ್‌ಟೂಲ್ ಆದೇಶದಿಂದ ಖಚಿತಪಡಿಸಿಕೊಂಡಿದ್ದೇನೆ.

ನೆಲೆಸಿದ ಮೇಲಿನ ಸಿಂಕ್ ಅವಧಿ ನಿಗದಿಸುವ ಆಪರ್‌ಲಾಗ್‌ಸಿಂಕ್‌ಇಂಟರ್ವಲ್ ಬೆಲೆಯನ್ನು 0 ಯಿಂದ (1 ಸೆಕೆಂಡು) -3 ಕ್ಕೆ (125 ಮಿಲಿಸೆಕೆಂಡು) ಇಳಿಸಬೇಕೇ, ಅಥವಾ ಗಡಿಯಾರದ ವೇಗ ತಿದ್ದುವ ಪಿಐ ಸರ್ವೋದ ಸ್ಥಿರಾಂಕಗಳನ್ನು ತಿದ್ದಬೇಕೇ? ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ.