ಪದಚರ್ಚೆ: ‘ವೀಕ್ಷಕ ವಿವರಣೆಗಾರ’ ಹೆಂಗಸಾದರೆ ಏನನ್ನಬೇಕು?

ಗೆಳೆಯರೇ,

ಒಂದು ಪದ ಬೇಕಾಗಿದೆ. ಸ್ವಲ್ಪ ಅವಸರವೂ ಇದೆ, ಶುಕ್ರವಾರದೊಳಗೆ ಫ್ಲೆಕ್ಸ್ ಪ್ರಿಂಟಿಗೆ ಹೋಗಬೇಕು.

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶ, ಶ್ರದ್ಧಾಂಜಲಿ, ಹುಟ್ಟುಹಬ್ಬದ ಬ್ಯಾನರು ಮಾಡುತ್ತೇನೆ. ಬೇಸಿಗೆ ಬಂತೆಂದರೆ ಟೆನಿಸ್ ಬಾಲ್ ಟೂರ್ನಿಗಳದ್ದೇ ಕಾರುಬಾರು. ಮೊನ್ನೆ ನಾಲ್ಕು ಹುಡುಗರು ಬಂದರು. ಅವರ ಟೂರ್ನಿಗೆ ಈ ಸಲ ಮೈಕಿನಲ್ಲಿ ಕಾಮೆಂಟ್ರಿ ಹೇಳೋರು ಇಬ್ಬರು. ಒಬ್ಬರು ಹಳೇ ಕೈ. ಇನ್ನೊಬ್ಬಳು ಕಾಲೇಜು ಹುಡುಗಿ, ತಾನೂ ಆಡಿದವಳು. ಚೀಟಿಯಲ್ಲಿ ಮೊದಲ ಹೆಸರಿನ ಕೆಳಗೆ ‘ವೀಕ್ಷಕ ವಿವರಣೆಗಾರರು’ ಎಂದು ಬರೆದಿದ್ದರು. ಎರಡನೇ ಹೆಸರಿನ ಕೆಳಗೆ ‘ಮಹಿಳಾ ವೀಕ್ಷಕ ವಿವರಣೆಗಾರರು’.

ಟೈಪ್ ಮಾಡುತ್ತಾ ಕೈ ನಿಂತಿತು. “ಮಹಿಳಾ ಯಾಕ್ರೋ? ಹೆಸರು ನೋಡಿದ್ರೇ ಗೊತ್ತಾಗ್ತತಲ್ಲ” ಅಂದೆ. “ಹಂಗಂದ್ರ ‘ವೀಕ್ಷಕಿ ವಿವರಣೆಗಾರ್ತಿ’ ಹಾಕ್ರಿ ಅಕ್ಕಾ” ಅಂದ ಒಬ್ಬ. ಇನ್ನೊಬ್ಬ “ಲೇಡಿ ಕಾಮೆಂಟೇಟರ್ ಅಂತ ಹಾಕಿ ಮುಗ್ಸ್ರಿ” ಅಂದ. ಮೂರನೆಯವನಿಗೆ ಪದದ ಚಿಂತೆಯೇ ಇರಲಿಲ್ಲ. ಆ ಹುಡುಗಿ ಯಾಕೆ ಅನ್ನುವುದೇ ಅವನ ತಕರಾರು. “ಗಂಡಸ್ರ ಮ್ಯಾಚಿಗೆ ಗಂಡಸ್ರೇ ಹೇಳ್ಬೇಕ್ರಿ. ನೂರಾ ನಲವತ್ತರ ಸ್ಪೀಡಿನ ಬಾಲ್ ಆಕೀಗೇನ್ ಗೊತ್ತು?”

ನಾನು ಕೇಳಿದೆ, “ನಿನಗೇನು ಗೊತ್ತಪ್ಪ? ನೀ ಆಡೋದೂ ಟೆನಿಸ್ ಬಾಲಿನಾಗೇ ಅಲ್ವಾ?” ಉಳಿದ ಮೂವರೂ ನಕ್ಕರು, ಆ ಮಾತು ಅಲ್ಲಿಗೆ ನಿಂತಿತು. ಆದರೆ ಇದು ಅವನೊಬ್ಬನ ಮಾತಲ್ಲ. 2015ರ ಐಪಿಎಲ್‌ನಲ್ಲಿ ಅಂಜುಮ್ ಚೋಪ್ರಾ, ಈಶಾ ಗುಹಾ, ಲೀಸಾ ಸ್ಥಳೇಕರ್, ಮೆಲ್ ಜೋನ್ಸ್ ನಾಲ್ವರೂ ಕಾಮೆಂಟರಿ ಹೇಳಿದರು. ಅಂಜುಮ್ ಭಾರತದ ನಾಯಕಿಯಾಗಿದ್ದವರು, ನೂರಕ್ಕೂ ಹೆಚ್ಚು ಏಕದಿನ ಪಂದ್ಯ ಆಡಿದವರು. ಹೆಂಗಸರ ಏಕದಿನ ಕ್ರಿಕೆಟ್‌ನಲ್ಲಿ 1000 ರನ್ ಮತ್ತು 100 ವಿಕೆಟ್ ಎರಡನ್ನೂ ಮೊದಲು ಮುಟ್ಟಿದವರು ಲೀಸಾ. ಅಂಥವರಿಗೂ ‘ಗಂಡಸರ ಆಟ ಆಡಿಲ್ಲವಲ್ಲ’ ಎನ್ನುವ ಮಾತು ತಪ್ಪಲಿಲ್ಲ. ಹೆಸರಾಂತ ಕಾಮೆಂಟೇಟರ್ ಹರ್ಷ ಭೋಗ್ಲೆ ಭಾರತಕ್ಕೆ ಒಂದು ಪಂದ್ಯವನ್ನೂ ಆಡಿದವರಲ್ಲ. ಅವರ ಮಾತು ಕೇಳಲಿಕ್ಕೆ ನಾವು ಟಿವಿ ಸೌಂಡು ಜಾಸ್ತಿ ಮಾಡುತ್ತೇವೆ.

ಇರಲಿ, ಪದಕ್ಕೆ ಬರುತ್ತೇನೆ.

ಮೊದಲು ‘ವೀಕ್ಷಕಿ ವಿವರಣೆಗಾರ್ತಿ’. ಕೇಳಿದಾಗ ನಗು ಬಂತು, ಆಮೇಲೆ ತಲೆ ಕೆರೆದುಕೊಂಡೆ. ‘ವೀಕ್ಷಕ ವಿವರಣೆ’ಯಲ್ಲಿ ಈ ವೀಕ್ಷಕ ಯಾರು? ಟಿವಿಯವರು ‘ಪ್ರಿಯ ವೀಕ್ಷಕರೇ’ ಅಂತ ಕರೆಯುವುದು ನಮ್ಮನ್ನು. ಕಾಮೆಂಟರಿಯಲ್ಲಿ ಮಾತ್ರ ವೀಕ್ಷಕ ಅಂದರೆ ಮೈಕ್ ಹಿಡಿದವನು. ಇದು ರೇಡಿಯೋ ಕಾಲದ ಪದ ಇರಬೇಕು ಅನ್ನುವುದು ನನ್ನ ಊಹೆ. ಅಲ್ಲಿ ನೋಡುವವನು ಒಬ್ಬನೇ, ಉಳಿದವರೆಲ್ಲ ಕೇಳುವವರು. ಕಂಡವನು ಕಾಣದವರಿಗೆ ವಿವರಿಸುತ್ತಿದ್ದ. ಟಿವಿ ಬಂದ ಮೇಲೆ ಎಲ್ಲರೂ ನೋಡುವವರೇ, ಆದರೂ ಪದ ಉಳಿಯಿತು. ಅದನ್ನು ‘ವೀಕ್ಷಕಿ’ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ನಾಯಕಿಯ ಕೆಲಸಕ್ಕೂ ‘ನಾಯಕತ್ವ’ ಅಂತಲೇ ಅನ್ನುತ್ತೇವೆ, ‘ನಾಯಕಿತ್ವ’ ಅನ್ನುವುದಿಲ್ಲ. ಬದಲಾಗಬೇಕಾದದ್ದು ಪದದ ಬಾಲ, ತಲೆ ಅಲ್ಲ.

ಆ ಬಾಲದಲ್ಲೇ ನಿಜವಾದ ಸ್ವಾರಸ್ಯ ಇರುವುದು. ಶಾಲೆಯ ವ್ಯಾಕರಣದಲ್ಲಿ ಓದಿದ್ದು ನೆನಪಿದೆ ಅಲ್ವಾ, ಗಾರ, ಕಾರ, ಇಗ, ಆಡಿಗ ಎಲ್ಲ ತದ್ಧಿತ ಪ್ರತ್ಯಯಗಳು. ಹೆಣ್ಣಿಗೆ ಇತಿ, ಇತ್ತಿ, ಗಿತ್ತಿ, ತಿ. ಹಾಗಾಗಿ ಹಾಡುಗಾರ-ಹಾಡುಗಾರ್ತಿ, ಆಟಗಾರ-ಆಟಗಾರ್ತಿ, ಬೀಗ-ಬೀಗಿತ್ತಿ, ಹೂವಾಡಿಗ-ಹೂವಾಡಗಿತ್ತಿ. ಇದೇ ಲೆಕ್ಕದಲ್ಲಿ ‘ವಿವರಣೆಗಾರ್ತಿ’ ಸಲೀಸಾಗಿ ಬರುತ್ತದೆ. ಹುಡುಗ ಬಾಯಿಗೆ ಬಂದಂತೆ ಹೇಳಿದರೂ ಅರ್ಧ ಸರಿಯಾಗೇ ಹೇಳಿದ್ದ.

ಆದರೆ ಗಾರ್ತಿಗೆ ಒಬ್ಬ ತಂಗಿ ಇದ್ದಾಳೆ, ಗಾತಿ. ಮೋಸಗಾತಿ, ಮಾಟಗಾತಿ, ಜಂಬಗಾತಿ, ಸೊಕ್ಕುಗಾತಿ. ನೋಡಿ, ಎಲ್ಲಾ ಬೈಗುಳ. ಗಾರ್ತಿ ಹಚ್ಚಿದರೆ ಬರಹಗಾರ್ತಿ, ಕತೆಗಾರ್ತಿ, ಎಲ್ಲಾ ಗೌರವ. ಒಂದು ‘ರ್’ ಬಿದ್ದುಹೋದರೆ ಮರ್ಯಾದೆಯೂ ಬಿದ್ದುಹೋಗುತ್ತದೆಯೋ ಏನೋ! ‘ಜೊತೆಗಾತಿ’, ‘ಸೊಗಸುಗಾತಿ’ಯಂಥ ಒಳ್ಳೆಯ ಪದಗಳೂ ಇವೆ, ಹಾಗಾಗಿ ಇದನ್ನು ನಿಯಮ ಅನ್ನಲಾರೆ. ನನ್ನ ಅನುಮಾನ ಇಷ್ಟು. ಗಾತಿ ಬಾಯಿಮಾತಿನ ಹಳೇ ರೂಪ. ಗಾರ್ತಿ ಕೆಲಸದ ಹೆಸರು ಬೇಕಾದಾಗ ಜಾಸ್ತಿ ಬಳಕೆಗೆ ಬಂದ ಬರಹದ ರೂಪ. ಹಳಗನ್ನಡ ಬಲ್ಲವರು ಇದು ಸರಿಯೋ ತಪ್ಪೋ ಹೇಳಬೇಕು. ‘ವಿವರಣೆಗಾತಿ’ ಅಂತ ಒಂದು ಸಲ ಜೋರಾಗಿ ಹೇಳಿ ನೋಡಿದೆ. ಯಾರದೋ ಮನೆ ಮುರಿಯಲು ಹೊರಟವಳ ಹಾಗೆ ಕೇಳಿಸಿತು.

ಇನ್ನೊಂದು ಹೊಳೆಯಿತು. ‘ಸೂಲಗಿತ್ತಿ’ಗೆ ಗಂಡು ರೂಪ ನಾನು ಕೇಳಿಲ್ಲ. ನಮ್ಮ ಚಿತ್ರದುರ್ಗದ ಅಂಚಿನ ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪೇಪರಿನಲ್ಲಿ ‘ಸೂಲಗಿತ್ತಿ ನರಸಮ್ಮ’ ಎಂದೇ ಬಂತು, ಹೆಸರಿನ ಭಾಗವೇ ಆಗಿಹೋಯಿತು. ಹೆರಿಗೆಯ ಕೋಣೆಗೆ ಗಂಡಸು ಹೋಗಲಿಲ್ಲ, ಪದವೂ ಹುಟ್ಟಲಿಲ್ಲ. ಕಾಮೆಂಟರಿ ಕೋಣೆಯದ್ದು ಇದರ ಉಲ್ಟಾ. ಟಿವಿಯ ಕಾರ್ಯಕ್ರಮ ನಡೆಸಿಕೊಡುವ ಕೆಲಸಕ್ಕೆ ಹೆಂಗಸರು ಬೇಗ ಬಂದರು, ‘ನಿರೂಪಕಿ’ ಅನ್ನುವ ಪದ ಸಲೀಸಾಗಿ ಬಾಯಿಗೆ ಕೂತಿತು. 2003ರ ವಿಶ್ವಕಪ್ಪಿನಲ್ಲಿ ಮಂದಿರಾ ಬೇಡಿ ನಿರೂಪಕಿಯಾಗಿ ಬಂದರು. ಅವರು ಕೇಳಿದ ಪ್ರಶ್ನೆಗಿಂತ ಉಟ್ಟ ಸೀರೆ, ತೊಟ್ಟ ರವಿಕೆಯ ಬಗ್ಗೆಯೇ ಮಾತು ಜಾಸ್ತಿ ಆಯಿತು. ಚೆಂಡು ಹಿಂಗೆ ಯಾಕೆ ತಿರುಗಿತು ಅಂತ ಹೇಳುವ ಕುರ್ಚಿ ಮಾತ್ರ ಬಹಳ ಕಾಲ ಗಂಡಸರದ್ದೇ ಆಗಿತ್ತು.

ಹಾಗಂತ ಯಾರೂ ಇರಲೇ ಇಲ್ಲ ಅಂತಲ್ಲ. ನಮ್ಮ ದೇಶದ ಮೊದಲ ಟೆಸ್ಟ್ ನಾಯಕ ಸಿ.ಕೆ. ನಾಯ್ಡು ಅವರ ಮಗಳು ಚಂದ್ರಾ ನಾಯ್ಡು 1970ರ ದಶಕದಲ್ಲೇ ಇಂದೋರಿನಲ್ಲಿ ಮೈಕ್ ಹಿಡಿದಿದ್ದರು. ಭಾರತದ ಮೊದಲ ಮಹಿಳಾ ಕಾಮೆಂಟೇಟರ್ ಅಂತ ಹೆಸರಾದವರು, 2021ರಲ್ಲಿ ತೀರಿಕೊಂಡರು. (ನಾನೂ ‘ಮಹಿಳಾ’ ಹಾಕಿಬಿಟ್ಟೆ ನೋಡಿ! ‘ಮೊದಲ’ ಅಂದಾಗ ಅದು ಬೇಕಾಗುತ್ತದೆ. ಸಾವಿರದನೆಯವರಿಗೂ ಬೇಕಾ ಅನ್ನುವುದು ಪ್ರಶ್ನೆ.) ವೆಸ್ಟ್ ಇಂಡೀಸಿನ ಡೋನಾ ಸಿಮಂಡ್ಸ್ 1998ರಲ್ಲಿ ಬಿಬಿಸಿಯ ಟೆಸ್ಟ್ ಕಾಮೆಂಟರಿಗೆ ಬಂದರು. ಈಗ ನಮ್ಮ ನೆರೆಯ ಕಡೂರಿನ ವೇದಾ ಕೃಷ್ಣಮೂರ್ತಿ ಕನ್ನಡದಲ್ಲೇ ಕಾಮೆಂಟರಿ ಹೇಳುತ್ತಾರೆ. ಪದ ಬೇಕಾಗಿರುವುದು ಅದಕ್ಕೇ. ಕೆಲಸ ಮಾಡುವವರು ಬಂದಾಯಿತು, ಹೆಸರು ಇನ್ನೂ ಬಂದಿಲ್ಲ.

ಇಲ್ಲಿ ಒಂದು ತೊಡಕಿದೆ. ಇಂಗ್ಲಿಷಿನವರು ಸಮಾನತೆ ಅಂದರೆ ಗಂಡು-ಹೆಣ್ಣಿನ ಗುರುತು ಅಳಿಸುವುದು ಅಂತ ಹೊರಟರು. ಕ್ರಿಕೆಟ್ಟಿನ ನಿಯಮ ಬರೆಯುವ ಇಂಗ್ಲೆಂಡಿನ ಕ್ಲಬ್ಬು ಎಂಸಿಸಿ 2021ರಲ್ಲಿ ನಿಯಮದ ಪುಸ್ತಕದಿಂದ ಬ್ಯಾಟ್ಸ್‌ಮನ್ ತೆಗೆದು ಬ್ಯಾಟರ್ ಮಾಡಿತು. ಬೌಲರ್, ಫೀಲ್ಡರ್ ಮೊದಲೇ ಹಾಗಿದ್ದವು, ಅವರಿಗೆ ಸುಲಭವಾಯಿತು. ನಮ್ಮ ಪೇಪರುಗಳೂ ಬ್ಯಾಟರ್ ಬರೆಯುತ್ತವೆ. ನಮ್ಮೂರಲ್ಲಿ ಇದರಿಂದ ಚಿಕ್ಕ ಪಜೀತಿ. ಬೆಣ್ಣೆದೋಸೆಯ ಊರಲ್ಲಿ ಬ್ಯಾಟರ್ ಅಂದರೆ ಪ್ಯಾಕೆಟ್ಟಿನ ದೋಸೆಹಿಟ್ಟು. ‘ಉತ್ತಮ ಬ್ಯಾಟರ್‌ಗೆ ಬಹುಮಾನ’ ಅನ್ನುವ ಬ್ಯಾನರ್ ಮಾಡಿಕೊಟ್ಟಾಗ ನಮ್ಮತ್ತೆ ಅದನ್ನು ಅಡುಗೆ ಸ್ಪರ್ಧೆ ಅಂದುಕೊಂಡಿದ್ದರು.

ಕನ್ನಡದಲ್ಲಿ ಅಳಿಸುವುದು ಅಷ್ಟು ಸುಲಭ ಅಲ್ಲ. ‘ವಿವರಣೆಗಾರ’ ಅನ್ನುವುದನ್ನೇ ಇಬ್ಬರಿಗೂ ಇಟ್ಟುಕೊಳ್ಳೋಣ ಅಂದರೆ ‘ವಿವರಣೆಗಾರ ಹೇಳಿದಳು’ ಅಂತಾಗುತ್ತದೆ. ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ. ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. ಬ್ಯಾಟ್ಸ್‌ಮನ್‌ಗೆ ಇರುವ ಕನ್ನಡ ಪದ ‘ದಾಂಡಿಗ’ನ ಕತೆಯೂ ಅಷ್ಟೇ. ಚಿನ್ನಿದಾಂಡಿನ ದಾಂಡು ಎಷ್ಟು ಸೊಗಸಾದ ಪದ, ಆದರೆ ದಾಂಡಿಗ ಅಂದಕೂಡಲೇ ಮೀಸೆ ಕಾಣಿಸುತ್ತದೆ. ‘ದಾಂಡಿಗಿತ್ತಿ’ ಅಂದರೆ ಸ್ಮೃತಿ ಮಂದಾನಾ ಅವರ ಕವರ್ ಡ್ರೈವ್ ಕಣ್ಣಿಗೆ ಬರುತ್ತದೆಯೇ? ನನಗಂತೂ ಬರಲಿಲ್ಲ. ಮ್ಯಾನ್ ಆಫ್ ದಿ ಮ್ಯಾಚ್‌ಗೆ ಇದ್ದ ‘ಪಂದ್ಯ ಪುರುಷೋತ್ತಮ’ ಹೋಗಿ ‘ಪಂದ್ಯಶ್ರೇಷ್ಠ’ ಬಂತು. 2025ರ ವಿಶ್ವಕಪ್ ಫೈನಲ್‌ನಲ್ಲಿ 87 ರನ್ ಹೊಡೆದು ಎರಡು ವಿಕೆಟ್ ಕಿತ್ತ ಶೆಫಾಲಿ ವರ್ಮಾ ಅವರನ್ನು ‘ಪುರುಷೋತ್ತಮ’ ಅನ್ನುವುದು ಹೇಗೆ? ‘ಪಂದ್ಯಶ್ರೇಷ್ಠೆ’ ಅನ್ನಲು ತೊಂದರೆ ಇಲ್ಲ, ಒಂದು ‘ಎ’ಕಾರದಲ್ಲಿ ಕೆಲಸ ಮುಗಿಯಿತು.

ಅಂದರೆ ಕನ್ನಡಕ್ಕೆ ಎರಡು ದಾರಿ. ಒಂದು, ಗೌರವದ ‘ಅರು’. ವಿವರಣೆಗಾರರು ಹೇಳಿದರು, ಇಲ್ಲಿ ಗಂಡೂ ಇಲ್ಲ ಹೆಣ್ಣೂ ಇಲ್ಲ. ಎರಡು, ಗಾರ್ತಿ ಹಚ್ಚಿ ಹೆಣ್ಣು ಅಂತ ಕಾಣುವ ಹಾಗೆ ಹೇಳುವುದು. ಇಂಗ್ಲಿಷಿನಲ್ಲಿ ಬಾಲ ಹಚ್ಚುವುದು ಅವಮಾನ ಅನ್ನಿಸಿರಬಹುದು. ನಮ್ಮಲ್ಲಿ ಆಟಗಾರ್ತಿ, ಬರಹಗಾರ್ತಿ ಅಂದರೆ ಯಾರೂ ಮುಖ ಸಿಂಡರಿಸುವುದಿಲ್ಲ. ನನಗೆ ಕಿರಿಕಿರಿ ಆಗುವುದು ಪದದ ಹಿಂದೆ ಹಚ್ಚುವ ‘ಗಾರ್ತಿ’ಯಿಂದ ಅಲ್ಲ, ಮುಂದೆ ಅಂಟಿಸುವ ‘ಮಹಿಳಾ’ದಿಂದ. ಹಿಂದೆ ಬಂದದ್ದು ಪದದ ಒಳಗೇ ಬೆರೆಯುತ್ತದೆ. ಮುಂದೆ ಬಂದದ್ದು ‘ಲೇಡಿ ಡಾಕ್ಟ್ರು’, ‘ಲೇಡಿ ಕಂಡಕ್ಟ್ರು’ ಥರ ಬೇರೆ ಬೆಂಚಿನ ಮೇಲೆ ಕೂರಿಸುತ್ತದೆ. ಐಸಿಸಿ ಈಗ ಗಂಡಸರ ಟೂರ್ನಿಗೂ ‘ಪುರುಷರ ಟಿ20 ವಿಶ್ವಕಪ್’ ಅಂತಲೇ ಹೆಸರಿಡುತ್ತದೆ. ಅದು ನ್ಯಾಯ. ಹಾಕಿದರೆ ಇಬ್ಬರಿಗೂ ಹಾಕಬೇಕು. ಆ ಹುಡುಗರಿಗೆ ‘ಪುರುಷ ವೀಕ್ಷಕ ವಿವರಣೆಗಾರರು’ ಅಂತ ಟೈಪ್ ಮಾಡಿ ತೋರಿಸಿದೆ. “ಛೇ, ಹಂಗ್ಯಾರಾದ್ರೂ ಹಾಕ್ತಾರೇನಕ್ಕಾ!” ಅಂದರು.

ಕ್ರಿಯಾಪದದ ಮಾತು ಬಂತಲ್ಲ, ಇದನ್ನೂ ಕೇಳಿಬಿಡುತ್ತೇನೆ. ಸಿಕ್ಸರ್ ಬಿದ್ದಾಗ ಕಾಮೆಂಟರಿಯಲ್ಲಿ ದನಿ ಏರುತ್ತದೆ, ಅದು ಕೆಲಸದ ಭಾಗ. ಗಂಡಸಾದರೆ ‘ಅಬ್ಬರಿಸಿದ’, ‘ಗುಡುಗಿದ’ ಅನ್ನುತ್ತೇವೆ. ಅದೇ ದನಿ ಹೆಂಗಸಿನದಾದರೆ ‘ಕಿರುಚಿದಳು’. ಹೊಗಳಿದರೂ ‘ದನಿ ಇಂಪಾಗೈತಿ’ ಅಂತ, ‘ಆಟ ತಿಳ್ಕಂಡು ಮಾತಾಡ್ತಾಳ’ ಅಂತ ಅಲ್ಲ. ಅಂಗಡಿಗೆ ಬರುವ ಒಬ್ಬ ಹಿರಿಯರು ಟಿವಿ ನೋಡುತ್ತಾ, “ಹುಡುಗಿ ಏನ್ ಚಲೋ ಹೇಳ್ತತಿ!” ಅಂದರು. ‘ಹೇಳ್ತಾಳ’ ಅಲ್ಲ, ‘ಹೇಳ್ತತಿ’, ನಪುಂಸಕಲಿಂಗ. ನಮ್ಮ ಕಡೆ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಹೀಗನ್ನುವುದು ರೂಢಿ, ಅದರಲ್ಲಿ ಅಕ್ಕರೆಯೂ ಇದೆ. ಆದರೆ ನಮ್ಮೂರಿನ ವೇಗದ ಬೌಲರ್ ವಿನಯ್ ಕುಮಾರ್ ಬಗ್ಗೆ ಅದೇ ಹಿರಿಯರು ಅಷ್ಟೇ ಅಕ್ಕರೆಯಿಂದ “ನಮ್ಮ ಹುಡುಗ ಏನ್ ಹಾಕ್ತಿದ್ದ!” ಅನ್ನುತ್ತಾರೆ, ‘ಹಾಕ್ತಿತ್ತು’ ಅನ್ನುವುದಿಲ್ಲ. ವಿನಯ್‌ಗೆ ಸಿಕ್ಕ ‘ದಾವಣಗೆರೆ ಎಕ್ಸ್‌ಪ್ರೆಸ್’ ಅನ್ನುವ ಬಿರುದಿಗೆ ಮಾತ್ರ ಗಂಡು-ಹೆಣ್ಣಿನ ಹಂಗಿಲ್ಲ. ನಾಳೆ ನಮ್ಮೂರಿನ ಹುಡುಗಿಯೊಬ್ಬಳು ವೇಗವಾಗಿ ಬೌಲಿಂಗ್ ಮಾಡಿದರೆ ಅಕ್ಷರ ಬದಲಿಸದೆ ಅದೇ ಬ್ಯಾನರ್ ಹಾಕಬಹುದು.

ಕೊನೆಗೆ ಆ ಹುಡುಗಿಯನ್ನೇ ಕೇಳೋಣ ಅಂತ ಫೋನ್ ಮಾಡಿಸಿದೆ. “ಏನಾದ್ರೂ ಹಾಕ್ರಿ, ಹೆಸರಿನ ಸ್ಪೆಲ್ಲಿಂಗ್ ಮಾತ್ರ ಸರಿ ಇರ್ಲಿ” ಅಂದಳು. ಆಮೇಲೆ ಸ್ವಲ್ಪ ತಡೆದು, “ಇಬ್ರಿಗೂ ಒಂದೇ ಸೈಜಿನ ಅಕ್ಷರ ಇಡ್ರಿ” ಅಂದಳು. ಚೀಟಿ ನೋಡಿದೆ. ಅವಳ ಹೆಸರನ್ನು ಸಣ್ಣದಾಗಿ ಬರೆದಿದ್ದರು. ಪದದ ಗುಂಗಿನಲ್ಲಿ ನಾನು ಗಮನಿಸಿಯೇ ಇರಲಿಲ್ಲ.

ಸದ್ಯಕ್ಕೆ ಎರಡೂ ಹೆಸರು ಒಂದೇ ಸೈಜಿನಲ್ಲಿ ಪಕ್ಕಪಕ್ಕ ಇಟ್ಟು, ಕೆಳಗೆ ಒಂದೇ ಸಲ ‘ವೀಕ್ಷಕ ವಿವರಣೆಗಾರರು’ ಎಂದು ಹಾಕಿದ್ದೇನೆ. ಆದರೆ ಬಹುಮಾನದ ದಿನ ಅವಳೊಬ್ಬಳಿಗೇ ನೆನಪಿನ ಕಾಣಿಕೆ ಕೊಡುತ್ತಾರಂತೆ, ಅದರ ಮೇಲೆ ಪದ ಬೇಕೇ ಬೇಕು. ‘ವಿವರಣೆಗಾರ್ತಿ’ ಅಂತ ಯಾರಾದರೂ ಅಚ್ಚಿನಲ್ಲಿ ನೋಡಿದ್ದೀರಾ? ನಿಮ್ಮೂರ ಮೈದಾನಗಳಲ್ಲಿ ‘ಕಾಮೆಂಟ್ರಿ ಹೇಳೋರು’ ಬಿಟ್ಟು ಬೇರೆ ಏನಾದರೂ ಅನ್ನುತ್ತಾರಾ? ಗಾತಿ-ಗಾರ್ತಿ ಬಗ್ಗೆ ನಾನಂದದ್ದು ತಪ್ಪಿದ್ದರೆ ಅದನ್ನೂ ತಿದ್ದಿ. ಫ್ಲೆಕ್ಸ್ ಶುಕ್ರವಾರ, ನೆನಪಿನ ಕಾಣಿಕೆಗೆ ಇನ್ನೂ ಹತ್ತು ದಿನ ಇದೆ.