ಪದ ಬೇಕು: ಇಬ್ಬರು ಕೂಡಿ ನುಡಿಸುವ ‘ಡ್ಯುಯೆಟ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳಿದ್ದು ಪ್ರೆಸ್ಸಿಗೆ)

ಮಡಿಕೇರಿಯಿಂದ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಸಂಗೀತ ತರಗತಿಯೊಂದಕ್ಕೆ ಅಭ್ಯಾಸದ ಪುಸ್ತಿಕೆ ಅನುವಾದವಾಗುತ್ತಿದೆ. ಕಲಿಯಲು ಶುರುಮಾಡಿ ಆರೇಳು ತಿಂಗಳಾದ ಮಕ್ಕಳು ಇಬ್ಬಿಬ್ಬರಾಗಿ ನುಡಿಸುವ 12 ಸಣ್ಣ ರಚನೆಗಳು ಅದರಲ್ಲಿವೆ. ಹೆಚ್ಚಿನವು ಕೀಬೋರ್ಡ್ ಮತ್ತು ಪಿಟೀಲಿಗೆ, ಮೂರು ಮಾತ್ರ ಹಾಡುವುದಕ್ಕೆ. ತರಗತಿಯ ಬಾಗಿಲಿನ ಬೋರ್ಡಿಗೂ ಇದೇ ಹೆಸರು ಹೋಗಬೇಕು. ನಾಳಿದ್ದು ಸಂಜೆ ಪ್ರೆಸ್ಸಿಗೆ ಕೊಡಬೇಕಿದೆ.

ಸದ್ಯಕ್ಕೆ ಹೀಗೆ ಹಾಕಿದೆ: ಡ್ಯುಯೆಟ್ = ಯುಗಳ ಗೀತೆ, ಪಾರ್ಟ್ = ಭಾಗ, ಬಾರ್ (ಎಣಿಕೆಗಳ ಒಂದು ಗುಂಪು) = ಆವರ್ತ (ತಾಳದ ಒಂದು ಸುತ್ತು). ಒಬ್ಬರು ಹೊರಟ ಮೇಲೆ ಇನ್ನೊಬ್ಬರು ಅದೇ ಹಾಡನ್ನು ಹಿಂದಿನಿಂದ ಎತ್ತಿಕೊಳ್ಳುವ ‘ರೌಂಡ್’ಗೆ ಪದವೇ ಸಿಕ್ಕಿಲ್ಲ. ಒಂದು ಸಾಲು ಮಾದರಿಗೆ: ‘ಭಾಗ 2ರವರು 2 ಆವರ್ತ ಕಳೆದ ಮೇಲೆ ಸೇರಿಕೊಳ್ಳಬೇಕು.’ ಸರಿಯಿದೆಯೇ?

ಸೋಮವಾರಪೇಟೆಯಿಂದ

‘ಯುಗಳ ಗೀತೆ’ ಬೇಡ. ಆ ಮಾತು ಕೇಳಿದರೆ ರೇಡಿಯೋದ ಚಿತ್ರಗೀತೆ, ಗಂಡುದನಿ ಹೆಣ್ಣುದನಿ, ಪ್ರೇಮ. ಎರಡು ಪಿಟೀಲಿಗೆ ‘ಗೀತೆ’ ಎಂದರೆ ಅರ್ಥವೂ ಕೂಡಿಬರುವುದಿಲ್ಲ.

‘ಜುಗಲ್‌ಬಂದಿ’ಯ ‘ಜುಗಲ್’ ಎಂಬುದನ್ನು ಹಿಂದಿ ಎಂದು ತಳ್ಳಬೇಡಿ. ಪದದ ಮೊದಲ ಯಕಾರ ಜಕಾರವಾಗುವುದು ನಮ್ಮಲ್ಲಿ ಹಳೆಯ ದಾರಿ: ಯಾತ್ರೆ ಜಾತ್ರೆಯಾಯಿತು, ಯೋಗಿ ಜೋಗಿ, ಯೌವನ ಜವ್ವನ, ಯುಗ ಜುಗ. 13ನೇ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜ ಅಪಭ್ರಂಶ ಪ್ರಕರಣ ಬರೆದದ್ದೇ ಇಂಥ ಪದಗಳಿಗಾಗಿ. ಅದೇ ದಾರಿ ಹಿಡಿದರೆ ಯುಗಳ ‘ಜುಗಳ’ವಾಗುತ್ತದೆ. ‘ಜುಗಳವಾದನ’ ಎನ್ನಿ. ಜಾತ್ರೆ ಎಷ್ಟು ಕನ್ನಡವೋ ಇದೂ ಅಷ್ಟೇ ಕನ್ನಡ.

ಕುಶಾಲನಗರದಿಂದ

ಎರಡಕ್ಕೆ ಕನ್ನಡದಲ್ಲಿ ‘ಇರ್’ ಇರುವಾಗ ಈ ಸುತ್ತುದಾರಿ ಏಕೆ? ಇಮ್ಮಡಿ, ಇಬ್ಬದಿ, ಇಕ್ಕೆಲ. ಮುಂದಿನ ವ್ಯಂಜನ ಇಮ್ಮಡಿಸುವುದು ಬಲ್ಲವರಿಗೆ ಹೇಳಬೇಕಿಲ್ಲ. ಇರ್ + ದನಿ = ಇದ್ದನಿ. ಹಾಡಿಗೂ ವಾದ್ಯಕ್ಕೂ ಹೊಂದುತ್ತದೆ. ಬೋರ್ಡಿಗೆ ಮೂರೇ ಅಕ್ಷರ.

ಸೋಮವಾರಪೇಟೆಯಿಂದ

ದನಿ ಎಂದರೆ ಧ್ವನಿಯ ತದ್ಭವ. ಅದು ಅಚ್ಚಗನ್ನಡವಾದರೆ ಜುಗಳವೂ ಅಚ್ಚಗನ್ನಡ. ಒಂದೇ ಅಳತೆಗೋಲು ಇಟ್ಟುಕೊಳ್ಳಿ.

ಕುಶಾಲನಗರದಿಂದ

ಹಾಗಾದರೆ ‘ಉಲಿ’ ತೆಗೆದುಕೊಳ್ಳಿ. ಸ್ವರದ ಮುಂದೆ ‘ಈರ್’ ಬರುತ್ತದೆ, ಈರಾರು ಎನ್ನುವ ಹಾಗೆ. ಈರುಲಿ.

ಗೋಣಿಕೊಪ್ಪಲಿನಿಂದ

ಮಕ್ಕಳು ಅದನ್ನು ಈರುಳ್ಳಿ ಎಂದೇ ಓದುತ್ತಾರೆ. ಬಿಡಿ.

ಮೇಡಂ, ಹೆಸರಿಗಿಂತ ದೊಡ್ಡ ತೊಂದರೆ ನೀವು ಕೊಟ್ಟ ಮಾದರಿ ಸಾಲಿನಲ್ಲಿದೆ. ಆದಿತಾಳದ ಒಂದು ಆವರ್ತಕ್ಕೆ 8 ಎಣಿಕೆ, ನಾಲ್ಕು ಎಣಿಕೆಯ ಬಾರ್ ಅದರ ಅರ್ಧ. ‘2 ಬಾರ್ ಆದ ಮೇಲೆ’ ಎಂದರೆ 8 ಎಣಿಕೆ. ನಿಮ್ಮ ‘2 ಆವರ್ತ’ ಓದಿದ ಮಗು 16 ಎಣಿಕೆ ಕಾಯುತ್ತದೆ. ‘ಫ್ರೇರ್ ಜಾಕ್’ ಎಂಬ ಫ್ರೆಂಚ್ ಮಕ್ಕಳ ರೌಂಡಿನಂಥ ಹಾಡಿನಲ್ಲಿ ಈ ತಪ್ಪು ಕಿವಿಗೆ ಬೀಳುವುದೇ ಇಲ್ಲ. ಅದು 8 ಬಾರ್‌ಗಳ ಹಾಡು, ಎರಡೆರಡು ಬಾರ್‌ಗಳ ನಾಲ್ಕು ತುಂಡು, ಯಾವ ತುಂಡಿನ ಮೇಲೆ ಯಾವುದನ್ನು ಇಟ್ಟರೂ ಕೂಡುತ್ತದೆ. ಬೇರೆ ರಚನೆಯಲ್ಲಿ ಅಪಸ್ವರ ಹೊರಡುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ‘ಬಾರ್’ ಹಾಗೆಯೇ ಇರಲಿ, ಇಲ್ಲವೇ ‘8 ಎಣಿಕೆ ಆದ ಮೇಲೆ’ ಎಂದು ಬರೆಯಿರಿ.

‘ಭಾಗ 1, ಭಾಗ 2’ ಇನ್ನೂ ಕೆಟ್ಟದು. ಮಕ್ಕಳು ಒಂದು ಮುಗಿಸಿ ಇನ್ನೊಂದು ನುಡಿಸುತ್ತಾರೆ, ಪಠ್ಯಪುಸ್ತಕ ಕಲಿಸಿರುವುದೇ ಹಾಗೆ. ಎರಡು ಪಿಟೀಲಿನ ರಚನೆಗೆ ‘ಮೇಲಿನ ಸಾಲು, ಕೆಳಗಿನ ಸಾಲು’ ಸಾಕು, ಪುಟದ ಮೇಲೆ ಕಾಣುವುದೇ ಅದು. ಆದರೆ ಒಂದೇ ಕೀಬೋರ್ಡಿನ ಮುಂದೆ ಇಬ್ಬರು ಕೂರುವ ರಚನೆಗಳಲ್ಲಿ ವಾಡಿಕೆ ಬೇರೆ: ಎಡ ಪುಟ ತಗ್ಗುಸ್ವರದವರದು, ಬಲ ಪುಟ ಏರುಸ್ವರದವರದು. ಅಲ್ಲಿ ‘ಎಡಗಡೆಯವರು, ಬಲಗಡೆಯವರು’ ಎನ್ನಬೇಕು. ರೌಂಡಿನಲ್ಲಿ ಇಬ್ಬರೂ ಓದುವುದು ಒಂದೇ ಸಾಲು, ಆದ್ದರಿಂದ ‘ಮೊದಲು ಹೊರಡುವವರು, ಹಿಂದೆ ಹೊರಡುವವರು’. ಮೂರಕ್ಕೂ ಒಂದೇ ಪದ ಬೇಕೆಂಬ ಹಟ ಬೇಡ.

ವಿರಾಜಪೇಟೆಯಿಂದ

ಸಂಗೀತ ಸಭೆಗಳ ಆಹ್ವಾನಪತ್ರಿಕೆಯಲ್ಲಿ ‘ದ್ವಂದ್ವ ಗಾಯನ’, ‘ದ್ವಂದ್ವ ಪಿಟೀಲು ವಾದನ’ ಎಂದು ಅಚ್ಚಾಗುತ್ತಲೇ ಇದೆ. ಇರುವ ಪದ ಬಿಟ್ಟು ಹೊಸದನ್ನು ಹೊಸೆಯುವುದು ವ್ಯರ್ಥ.

ಗೋಣಿಕೊಪ್ಪಲಿನಿಂದ

ಆ ಪದ ಸಂಗೀತ ಕಚೇರಿಗೆ ಸರಿ. ದ್ವಂದ್ವ ಗಾಯನದಲ್ಲಿ ಇಬ್ಬರೂ ಹಾಡುವುದು ಬಹುಪಾಲು ಒಂದೇ ಸ್ವರಪಂಕ್ತಿ, ಇಲ್ಲವೇ ಸರದಿಯಂತೆ ಒಬ್ಬರಾದ ಮೇಲೆ ಒಬ್ಬರು. ಈ ಪುಸ್ತಿಕೆಯಲ್ಲಿ ಒಂದೇ ಹೊತ್ತಿಗೆ ಎರಡು ಬೇರೆ ಸಾಲು ಸಾಗುತ್ತವೆ. ಮಗು ಕಲಿಯಬೇಕಾದ ಕಷ್ಟವೇ ಆ ಬೇರೆತನ. ‘ಜಂಟಿ’ಯನ್ನು ಯಾರಾದರೂ ತರುವ ಮೊದಲೇ ಹೇಳಿಬಿಡುತ್ತೇನೆ: ಜಂಟಿ ವರಸೆ ಎಂದರೆ ಸಸ ರಿರಿ ಗಗ ಮಮ. ಕರ್ನಾಟಕ ಸಂಗೀತದ ಮಕ್ಕಳಿಗೆ ಬೇರೆ ಅರ್ಥವೇ ಹೊಳೆಯದು. ‘ಹಿಮ್ಮೇಳ’ವೂ ಆಗದು, ಎರಡನೆಯ ಸಾಲು ಮೊದಲನೆಯದರ ಆಳಲ್ಲ.

ಮಡಿಕೇರಿಯಿಂದ

ಆವರ್ತ, ಭಾಗ ಎರಡನ್ನೂ ಈಗಲೇ ತಿದ್ದಿದೆ, ತುಂಬಾ ಉಪಕಾರವಾಯಿತು. 3ನೇ ಪಾಠದಲ್ಲಿ ಸರಳಿ ವರಸೆಯನ್ನೇ (ಸ್ವರಗಳು ಸಾಲಾಗಿ ಏರಿಳಿಯುವ ಮೊದಲ ಅಭ್ಯಾಸ) ರೌಂಡ್ ಮಾಡಿ, ಎರಡನೆಯವರು 2 ಸ್ವರ ಬಿಟ್ಟು ಹೊರಡಲಿ ಎಂದಿದೆ. ಇದಕ್ಕೆ ‘ಬೆನ್ನಟ್ಟು ವರಸೆ’ ಎನ್ನಬಹುದೇ?

ಗೋಣಿಕೊಪ್ಪಲಿನಿಂದ

ಹೆಸರು ಆಮೇಲೆ. ಆ ಪಾಠವನ್ನು ಯಾರಾದರೂ ನುಡಿಸಿ ನೋಡಿದ್ದಾರೆಯೇ? ಸ ರಿ ಗ ಮ ಪ ದ ನಿ ಸ ಏರುವಾಗ ಚಂದ: ಒಬ್ಬರು ಗ ತಲುಪಿದಾಗ ಇನ್ನೊಬ್ಬರದು ಸ, ಮ ತಲುಪಿದಾಗ ರಿ. ತುದಿಯಲ್ಲಿ ಕೆಡುತ್ತದೆ. 9ನೇ ಎಣಿಕೆಯಲ್ಲಿ ಮೊದಲನೆಯವರು ಮೇಲಿನ ಸ, ಎರಡನೆಯವರು ನಿ. 10ನೆಯದರಲ್ಲಿ ಅದೇ ಅದಲುಬದಲು. ಸರಳಿ ವರಸೆ ಕಲಿಸುವ ಮಾಯಾಮಾಳವಗೌಳ ರಾಗದಲ್ಲಿ ಆ ಎರಡಕ್ಕೂ ಅರ್ಧ ಸ್ವರದ ಅಂತರ, ಕಿವಿ ಚುಚ್ಚುತ್ತದೆ. ಮಗು ತನ್ನದೇ ತಪ್ಪೆಂದು ಹೆದರಿ ನಿಲ್ಲಿಸುತ್ತದೆ.

ಮೋಹನ ರಾಗಕ್ಕೆ ಬದಲಿಸಿ. ಅಲ್ಲಿ ಮ, ನಿ ಇಲ್ಲ, ಅರ್ಧ ಸ್ವರದ ತಿಕ್ಕಾಟವೂ ಇಲ್ಲ. ಸ ರಿ ಗ ಪ ದ ಸ, ಸ ದ ಪ ಗ ರಿ ಸ. 6 ಎಣಿಕೆಯ ರೂಪಕ ತಾಳದ ಎರಡು ಆವರ್ತಕ್ಕೆ ಸರಿಯಾಗಿ ಕೂರುತ್ತದೆ. 2 ಸ್ವರ ಬಿಟ್ಟು ಹೊರಟರೆ ಆರಂಭದಿಂದ ಕೊನೆವರೆಗೆ ಒಂದು ಕಡೆಯೂ ಘರ್ಷಣೆ ಬರುವುದಿಲ್ಲ. ಕಾಗದದ ಮೇಲೆ ಎರಡು ಸಾಲು ಒಂದರ ಕೆಳಗೊಂದು ಬರೆದು ನೋಡಿ, ಕಾಣುತ್ತದೆ.

ಉಳಿದ ಪಾಠಗಳ ಕ್ರಮವನ್ನೂ ನೋಡಿಕೊಳ್ಳಿ. ಮೊದಲು ಇಬ್ಬರೂ ಒಂದೇ ಸಾಲು, ಆಮೇಲೆ ಒಬ್ಬರು ಸ ಹಿಡಿದು ನಿಲ್ಲುವುದು, ಇನ್ನೊಬ್ಬರು ನುಡಿಸುವುದು, ಆಮೇಲೆ ರೌಂಡ್, ಕೊನೆಗೆ ಬೇರೆ ಬೇರೆ ಸಾಲು. ಪ್ರತಿ ಹಂತದಲ್ಲೂ ಸಾಲು ಬದಲಾಯಿಸಿಕೊಳ್ಳಬೇಕು. ಎದುರಿನ ಸಾಲು ತಿಳಿಯದ ಮಗು ಅದರ ಸೆಳೆತಕ್ಕೆ ಸಿಕ್ಕಿ ಅತ್ತಲೇ ಜಾರುತ್ತದೆ. ಹಾಡುವ ಮೂರು ರಚನೆಗಳಲ್ಲಿ ಇದು ಹೆಚ್ಚು, ಅಲ್ಲಿ ಬೆರಳಿಗೆ ಆಧಾರವಿಲ್ಲವಲ್ಲ. ಮದ್ದು: ಒಬ್ಬರು ಬಾಯಿ ಮುಚ್ಚಿ ತನ್ನ ಸಾಲನ್ನು ಗುನುಗಲಿ, ಇನ್ನೊಬ್ಬರ ಸಾಲನ್ನು ಕೀಬೋರ್ಡಿನಲ್ಲಿ ಮೆಲ್ಲಗೆ ನುಡಿಸಿ. ಮೆಟ್ರೊನೋಮ್ (ಲಯ ತಟ್ಟುವ ಯಂತ್ರ) ನಿಮಿಷಕ್ಕೆ 60ರಿಂದ ಶುರು, ಮೂರು ಸಲ ತಪ್ಪಿಲ್ಲದೆ ಬಂದ ಮೇಲೆ ನಾಲ್ಕು ನಾಲ್ಕಾಗಿ ಏರಿಸಿ 80ರವರೆಗೆ.

ಕೀಬೋರ್ಡಿಗೆ ರಚನೆ ಇನ್ನೂ ಬೇಕಿದ್ದರೆ ಸಂಗೀತ ರಚನೆಕಾರ ಡಿಯಾಬೆಲ್ಲಿಯ ಓಪಸ್ (ಕೃತಿಸಂಖ್ಯೆ) 149 ನೋಡಿ. 28 ತುಣುಕು, ಬಲಗಡೆಯ ಮಗುವಿನ ಸಾಲು ಐದು ಸ್ವರ ದಾಟುವುದಿಲ್ಲ, ಕೈ ಜಾಗ ಬಿಟ್ಟು ಕದಲಬೇಕಿಲ್ಲ. ಎರಡು ಪಿಟೀಲಿಗೆ ಹಂಗೇರಿಯ ರಚನೆಕಾರ ಬಾರ್ಟೋಕ್ 1931ರಲ್ಲಿ ಮುಗಿಸಿದ 44 ರಚನೆಗಳಿವೆ, ಸುಲಭದಿಂದ ಕಷ್ಟಕ್ಕೆ ಜೋಡಿಸಿದ್ದಾನೆ. ಈ ಮಕ್ಕಳಿಗೆ ಮೊದಲ ಕೆಲವೇ ಸಾಕು.

ನಾಪೋಕ್ಲಿನಿಂದ

ಮಡಿಕೇರಿಯ ಬೋರ್ಡಿಗೆ ಪದ ಹುಡುಕುವಾಗ ಇಲ್ಲಿನ ಹಾಡು ಯಾರಿಗೂ ನೆನಪಾಗಲಿಲ್ಲ. ಕೊಡವರ ಬಾಳೋ ಪಾಟ್ (ಪಾಟ್ ಎಂದರೆ ಹಾಡು) ಹಾಡುವವರು ನಾಲ್ವರು, ಕೈಯಲ್ಲಿ ದುಡಿ ಎಂಬ ಚರ್ಮವಾದ್ಯ, ಇಬ್ಬಿಬ್ಬರದು ಒಂದು ಜೋಡಿ. ಒಂದು ಜೋಡಿ ಬಿಟ್ಟ ಸಾಲನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಕನ್ನಡದಲ್ಲಿ ಹಕಾರವಾಗಿ ಹೋದ ಪಕಾರ ಈ ‘ಪಾಟ್’ನಲ್ಲಿ ಇಂದಿಗೂ ಉಳಿದಿದೆ. ಸಂಸ್ಕೃತದ ಯುಗಳ, ಹಿಂದಿಯ ಜುಗಲ್ ಎಂದು ಅಲೆಯುವ ಬದಲು ‘ಜೋಡಿಪಾಟ್’ ಎನ್ನಿ.

ಕುಶಾಲನಗರದಿಂದ

ಕನ್ನಡ ಪುಸ್ತಿಕೆಗೆ ಕೊಡವ ಪದವೇ? ನಮ್ಮದೇ ‘ಹಾಡು’ ಎಂಬ ಪದ ಇಲ್ಲವೇ?

ನಾಪೋಕ್ಲಿನಿಂದ

ಪಿಟೀಲು ಇರಬಹುದು, ಕೀಬೋರ್ಡ್ ಇರಬಹುದು, ಪಾಟ್ ಮಾತ್ರ ಪರದೇಶಿ. ಇಂಗ್ಲಿಷಿನ ಫಿಡಲ್ ಪಿಟೀಲಾಗಿ ಒಳಗೆ ಬಂದಾಗ ಯಾರೂ ತಡೆಯಲಿಲ್ಲ. ಪಕ್ಕದ ಮನೆಯ ಮಾತಿಗೆ ಬಾಗಿಲು ಹಾಕುತ್ತೀರಿ.

ಸೋಮವಾರಪೇಟೆಯಿಂದ

ಪಿಟೀಲು ಬಂದದ್ದು ವಾದ್ಯದ ಜೊತೆಗೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ಆ ವಾದ್ಯ ನಮ್ಮ ಸಂಗೀತಕ್ಕೆ ಬಂತು, ಬಾಯಿಗೆ ಬಂದ ಹಾಗೆ ಹೆಸರು ತಿರುಗಿತು. ಯಾವ ಸಮಿತಿಯೂ ಕೂತು ಅನುವಾದಿಸಲಿಲ್ಲ. ಪಾಟ್ ಬಗ್ಗೆ ನನ್ನ ಆಕ್ಷೇಪ ಬೇರೆ. ಅದು ಹಾಡಿನ ಹೆಸರು. ಎರಡು ಪಿಟೀಲಿಗೆ ಗೀತೆ ಹೊಂದದಿದ್ದರೆ ಪಾಟೂ ಹೊಂದದು. ಮತ್ತೆ ಅಲ್ಲಿ ಎರಡನೆಯ ಜೋಡಿ ಮೊದಲನೆಯದು ಮುಗಿದ ಮೇಲೆ ಎತ್ತಿಕೊಳ್ಳುತ್ತದೆ, ಮೇಲೆ ಮೇಲೆ ಬೀಳುವುದಿಲ್ಲ.

ನಾಪೋಕ್ಲಿನಿಂದ

ಹಾಡಿನ ಮಾತು ಒಪ್ಪಿದೆ. ‘ಜೋಡಿ’ ಬಿಡುವುದಿಲ್ಲ.

ಗೋಣಿಕೊಪ್ಪಲಿನಿಂದ

ಜೋಡಿಗೆ ನನ್ನದೂ ಒಪ್ಪಿಗೆ. ಜೋಡೆತ್ತು ಎನ್ನುವಾಗ ಕನ್ನಡದ ಸಂಧಿಗೇ ಒಗ್ಗಿಕೊಂಡಿದೆ. ಆದರೆ ಕೂಡಿಸಿ ಬರೆಯುವಾಗ ಎಚ್ಚರ: ಜೋಡಾಟ ಎಂದರೆ ಯಕ್ಷಗಾನದ ಎರಡು ಮೇಳಗಳ ಪೈಪೋಟಿ, ಜೋಡುನುಡಿ ವ್ಯಾಕರಣದವರದು. ಪುಸ್ತಿಕೆಯಲ್ಲಿರುವುದೆಲ್ಲ ಅಭ್ಯಾಸದ ಪಾಠವೇ ಆದ್ದರಿಂದ ‘ಜೋಡಿ ಪಾಠ’ ಎನ್ನಿ. ಹಾಡು, ಪಿಟೀಲು, ಕೀಬೋರ್ಡ್ ಎಲ್ಲಕ್ಕೂ ಆಗುತ್ತದೆ, ಓದಿದ ಕೂಡಲೇ ಮಗು ಇನ್ನೊಬ್ಬರನ್ನು ಹುಡುಕುತ್ತದೆ.

ಎರಡು ವಿಷಯ ಬಿಟ್ಟುಹೋಗಿತ್ತು. ಹೊರಡುವ ಮುನ್ನ ಒಬ್ಬರೇ ಎಣಿಸಬೇಕು, ಇಬ್ಬರೂ ಅಲ್ಲ; ಅದಕ್ಕೆ ‘ಎಣಿಕೆ ಕೊಡುವುದು’ ಎನ್ನಿ. ‘ಎತ್ತುಗಡೆ’ ಬೇಡ, ಅದು ತಾಳದಲ್ಲಿ ಹಾಡು ಶುರುವಾಗುವ ಜಾಗ. ಪ್ರತಿ 4 ‘ಬಾರ್’ಗೆ ಅ, ಆ, ಇ ಎಂದು ಗುರುತು ಹಾಕಿ, ‘ಸೇರುವ ಗುರುತು’ ಎಂದು ಕರೆಯಿರಿ. ತಪ್ಪಿದವರು ಮೊದಲಿಗೆ ಓಡದೆ ಮುಂದಿನ ಗುರುತಿನಲ್ಲಿ ಸೇರಿಕೊಳ್ಳಲಿ. ಮತ್ತೆ ಕಕ್ಕಡ ತಿಂಗಳ ಮಳೆಯಲ್ಲಿ ಪಿಟೀಲಿನ ಬಿರಡೆ ಉಬ್ಬಿ ಬಿಗಿಯಾಗುತ್ತದೆ, ಶ್ರುತಿ ಕೂಡಿಸಲು ಹತ್ತು ನಿಮಿಷ ಹಿಡಿಯುತ್ತದೆ. ಕೀಬೋರ್ಡಿನ ಶ್ರುತಿ ಅಲುಗದು, ಪಿಟೀಲನ್ನೇ ಅದಕ್ಕೆ ಕೂಡಿಸಬೇಕು. ಇದನ್ನು 1ನೇ ಪುಟದಲ್ಲೇ ಹಾಕಿ.

ಮಡಿಕೇರಿಯಿಂದ

ಹಾಕಿದೆ. ಬೋರ್ಡಿಗೆ ‘ಜೋಡಿ ಪಾಠ: ಇಬ್ಬರು ಕೂಡಿ ನುಡಿಸುವ ತರಗತಿ’. ರೌಂಡಿಗೆ ‘ಬೆನ್ನಟ್ಟು’ ಉಳಿಸಿಕೊಂಡೆ, 3ನೇ ಪಾಠ ಮೋಹನದಲ್ಲಿ ‘ಬೆನ್ನಟ್ಟು ವರಸೆ’.

ಕುಶಾಲನಗರದಿಂದ

ಪಾಠವೂ ಸಂಸ್ಕೃತ. ‘ಬೆನ್ನಟ್ಟು’ ಚೆನ್ನಾಗಿದೆ.