ಹಳೇ ವಿಎಂಸಿಗೆ ಹೊಸ ಸರ್ವೋ: ಮಾಡಿಸಿದೋರು ಹೇಳಿ

ಪೀಣ್ಯದಲ್ಲಿ ನಮ್ದು ಸಣ್ಣ ಜಾಬ್ ಶಾಪ್. ಹಳೇ ವಿಎಂಸಿ (ವರ್ಟಿಕಲ್ ಮಷೀನಿಂಗ್ ಸೆಂಟರ್, ಅಂದ್ರೆ ಕಂಪ್ಯೂಟರ್ ನಡೆಸೋ ಮಿಲ್ಲಿಂಗ್ ಮಷೀನ್), ಟೇಬಲ್ ಓಡ್ಸೋಕೆ ಬ್ರಷ್ ಇರೋ ಡಿಸಿ ಸರ್ವೋ ಮೋಟಾರ್‌ಗಳು. ಎಕ್ಸ್ ಆಕ್ಸಿಸ್ ಡ್ರೈವ್ (ಮೋಟಾರಿಗೆ ಕರೆಂಟ್ ಕೊಡೋ ಯೂನಿಟ್) ಪದೇ ಪದೇ ಟ್ರಿಪ್ ಆಗ್ತಿದೆ. ಕಂಟ್ರೋಲರ್ ಚೆನ್ನಾಗಿದೆ. ಎಷ್ಟು ಕಿಲೋವ್ಯಾಟ್ ಎಸಿ ಸರ್ವೋ ತಗೊಳ್ಲಿ?

---

ಸರ್, ಕಿಲೋವ್ಯಾಟ್ ಆಮೇಲೆ. ಮೊದ್ಲು ಕಂಟ್ರೋಲರಿಂದ ಡ್ರೈವ್‌ಗೆ ಏನ್ ಸಿಗ್ನಲ್ ಹೋಗ್ತಿದೆ ನೋಡಿ. ಡಿಸಿ ಸರ್ವೋ ಕಾಲದ ಮಷೀನಲ್ಲಿ ಸಾಮಾನ್ಯವಾಗಿ ಪ್ಲಸ್ ಮೈನಸ್ 10 ವೋಲ್ಟ್ ಅನಲಾಗ್ ಇರುತ್ತೆ, ಪೊಸಿಷನ್ ಲೂಪ್ (ಸರಿಯಾದ ಜಾಗಕ್ಕೆ ಬಂತಾ ಅಂತ ನೋಡಿ ತಿದ್ದೋ ಕೆಲ್ಸ) ಕಂಟ್ರೋಲರ್ ಒಳಗೇ ಇರುತ್ತೆ, ಡ್ರೈವ್ ಬರೀ ಸ್ಪೀಡ್ ನೋಡ್ಕೊಳುತ್ತೆ. ಹಾಗಿದ್ರೆ ಹೊಸ ಡ್ರೈವಲ್ಲೂ ಅನಲಾಗ್ ಸ್ಪೀಡ್ ಮೋಡ್ ಇರ್ಲೇಬೇಕು. ಯಾಸ್ಕಾವ ಕಂಪನಿಯ ಸಿಗ್ಮಾ-7 ಥರದ ಸೀರೀಸಲ್ಲಿ ಅನಲಾಗ್ ಮಾಡೆಲ್ ಬೇರೆ, ಈಥರ್‌ಕ್ಯಾಟ್ (ಡಿಜಿಟಲ್ ನೆಟ್‌ವರ್ಕ್ ಕೇಬಲ್ಲಲ್ಲಿ ಸಿಗ್ನಲ್ ತಗೊಳ್ಳೋ) ಮಾಡೆಲ್ ಬೇರೆ, ನೋಡೋಕೆ ಒಂದೇ ಥರ ಇರ್ತಾವೆ, ಅದ್ಕೇ ಕೊಟೇಷನಲ್ಲಿ ಪೂರ್ತಿ ಮಾಡೆಲ್ ನಂಬರ್ ಬರೆಸ್ಕೊಳ್ಳಿ.

ಫೀಡ್‌ಬ್ಯಾಕೂ ಅಷ್ಟೇ ಮುಖ್ಯ. ಹಳೇ ಎನ್‌ಕೋಡರ್ (ಮೋಟಾರ್ ಎಷ್ಟು ತಿರುಗ್ತು ಅಂತ ಹೇಳೋ ಸೆನ್ಸರ್) ಸುತ್ತಿಗೆ 2500 ಪಲ್ಸ್ ಇದ್ದು 10 ಎಂಎಂ ಪಿಚ್ ಸ್ಕ್ರೂಗೆ ನೇರ ಕಪಲ್ ಆಗಿದ್ರೆ, ನಾಲ್ಕರಷ್ಟು ಮಾಡಿ 10000 ಕೌಂಟ್, ಒಂದು ಕೌಂಟ್‌ಗೆ ಒಂದು ಮೈಕ್ರಾನ್. ಹೊಸ ಡ್ರೈವಿಂದ ವಾಪಸ್ ಬರೋ ಪಲ್ಸ್ ಅದೇ 2500ಕ್ಕೆ ಸೆಟ್ ಮಾಡಿದ್ರೆ ಕಂಟ್ರೋಲರ್ ಪ್ಯಾರಾಮೀಟರ್ ಮುಟ್ಟೋ ಕೆಲ್ಸ ಕಮ್ಮಿ. ಫೀಡ್‌ಬ್ಯಾಕ್ ರಿಸಾಲ್ವರ್ (ಪಲ್ಸ್ ಬದ್ಲು ಅನಲಾಗ್ ಸಿಗ್ನಲ್ ಕೊಡೋ ಸೆನ್ಸರ್) ಆಗಿದ್ರೆ ಮಾತ್ರ ಈ ದಾರಿ ನೇರ ಆಗಲ್ಲ, ನನ್ ಪ್ರಕಾರ ಆಗ ಕಂಟ್ರೋಲರ್ ಸಮೇತ ರೆಟ್ರೋಫಿಟ್ ಮಾಡ್ಸೋದೇ ವಾಸಿ.

ಇನ್ನು ಸೈಜು. ಟಾರ್ಕ್ ಅಂದ್ರೆ 9550 ಇಂಟು ಕಿಲೋವ್ಯಾಟ್, ಭಾಗ ಆರ್‌ಪಿಎಂ. 2 ಕಿಲೋವ್ಯಾಟ್ ಮೋಟಾರ್ 2000 ಆರ್‌ಪಿಎಂದಾದ್ರೆ ಸುಮಾರು 9.5 ನ್ಯೂಟನ್ ಮೀಟರ್, 3000ದ್ದಾದ್ರೆ 6.4 ಅಷ್ಟೇ, ಕಿಲೋವ್ಯಾಟ್ ಒಂದೇ ಅಂತ ತಂದು ಹಾಕಿದ್ರೆ ಹೆವಿ ಕಟ್ ಕೊಟ್ಟಾಗ ಓವರ್‌ಲೋಡ್ ಅಲಾರ್ಮ್ ಹೊಡೆಯುತ್ತೆ. ಹಳೇ ನೇಮ್‌ಪ್ಲೇಟಲ್ಲಿರೋ ಕಂಟಿನ್ಯೂಯಸ್ ಟಾರ್ಕ್ ಹಿಡ್ಕೊಳ್ಳಿ, ಪೀಕ್ ಟಾರ್ಕ್ ತೋರ್ಸಿ ಮಾರೋರ ಮಾತಿಗೆ ಹೋಗ್ಬೇಡಿ. ರೋಟರ್ ಇನರ್ಷಿಯಾನೂ (ತಿರುಗೋ ಭಾಗದ ಜಡತ್ವ) ನೋಡಿ, ಹಳೇ ಡಿಸಿ ಮೋಟಾರ್ ರೋಟರ್ ದಪ್ಪ ಇರುತ್ತೆ, ಅದ್ರ ಜಾಗಕ್ಕೆ ಲೋ ಇನರ್ಷಿಯಾ ಸಣ್ಣ ಮೋಟಾರ್ ಕೂರ್ಸಿದ್ರೆ ಟೇಬಲ್ ನಿಲ್ವಾಗ ನಡುಗುತ್ತೆ, ಟ್ಯೂನಿಂಗ್ ಮಾಡೋನಿಗೆ ಸಾಕಾಗೋಗುತ್ತೆ. ಮೀಡಿಯಂ ಇನರ್ಷಿಯಾನೇ ಕೇಳಿ. ಝಡ್ ಆಕ್ಸಿಸ್‌ಗೆ ಬ್ರೇಕ್ ಇರೋದೇ ಬೇಕು, ಇಲ್ಲಾಂದ್ರೆ ಕರೆಂಟ್ ಹೋದಾಗ ಹೆಡ್ ಕೆಳಗೆ ಜಾರುತ್ತೆ.

---

ಮೇಲೆ ಅಣ್ಣ ಹೇಳಿದ್ದು ಸರಿ. ಆದ್ರೆ ದುಡ್ಡು ಹಾಕೋ ಮುಂಚೆ ಮೋಟಾರ್ ಬ್ರಷ್ ಬಿಚ್ಚಿ ನೋಡಿ ಸರ್. ಕಾರ್ಬನ್ ಧೂಳು ಕಾಮ್ಯುಟೇಟರಲ್ಲಿ ತುಂಬ್ಕೊಂಡ್ರೂ ಡ್ರೈವ್ ಹಿಂಗೇ ಟ್ರಿಪ್ ಆಗುತ್ತೆ. ಡ್ರೈವ್ ವೈರ್ ಬಿಚ್ಚಿಟ್ಟೇ ಮೆಗರ್ (ಇನ್ಸುಲೇಷನ್ ಅಳೆಯೋ ಮೀಟರ್) ಹಾಕಿ. ಆರ್ಮೇಚರ್ ಮಾತ್ರ ಹೊರಗೆ ಎಳೆಸ್ಬೇಡಿ, ಕೆಲವು ಹಳೇ ಮೋಟಾರಲ್ಲಿ ಹಂಗೆ ತೆಗೆದ್ರೆ ಮ್ಯಾಗ್ನೆಟ್ ಶಕ್ತಿ ಕಳ್ಕೊಳುತ್ತೆ.

ಬದಲಾಯಿಸಲೇಬೇಕು ಅಂದ್ರೆ ಸಪ್ಲೈ ನೋಡಿ. ನಮ್ ಕಡೆ ಬರೋದು 415 ವೋಲ್ಟ್, ಡ್ರೈವ್ 200 ವೋಲ್ಟ್ ಕ್ಲಾಸಾದ್ರೆ ಟ್ರಾನ್ಸ್‌ಫಾರ್ಮರ್ ಬೇಕು, ಹಳೇ ಡಿಸಿ ಡ್ರೈವಿನ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಅಳೀದೆ ಸೇರಿಸ್ಬೇಡಿ. ಫ್ಲೇಂಜ್ ಅಡಾಪ್ಟರ್ ಪೀಣ್ಯದಲ್ಲೇ ಟರ್ನ್ ಮಾಡಿಸ್ಬೋದು, ಡಯಲ್ ಗೇಜ್ ಇಟ್ಟು ರನ್‌ಔಟ್ (ತಿರುಗುವಾಗ ಓಲಾಡೋದು) ನೋಡ್ಕೊಂಡು ಕಪ್ಲಿಂಗ್ ಹಾಕಿಸಿ. ಮೋಟಾರ್ ಬದ್ಲಾದ್ಮೇಲೆ ಮಾರ್ಕರ್ ಪಲ್ಸ್ (ಸುತ್ತಿಗೆ ಒಂದೇ ಸಲ ಬರೋ ಪಲ್ಸ್) ಜಾಗ ಬದ್ಲಾಗಿ ಹೋಮ್ ಪೊಸಿಷನ್ ಸರಿಯುತ್ತೆ, ಅದನ್ನ ಸರಿ ಮಾಡ್ಕೊಳ್ಳೋವರೆಗೂ ಟೂಲ್ ಚೇಂಜ್ ಕೊಡ್ಬೇಡಿ.